ಮಾವನವರ ದನಿಯೂ ಮಿಕ್ಕುಳಿದ ಸ್ಕ್ರೂವೂ

ನಮ್ಮ ಮನೆಯಲ್ಲಿ ಕೆಟ್ಟುಹೋದ ಯಾವ ವಸ್ತುವೂ ನನ್ನ ಕೈ ದಾಟದೆ ಮೆಕ್ಯಾನಿಕ್ಕನ ಕೈ ಸೇರುವಂತಿಲ್ಲ. ಇದು ನಾನು ಮದುವೆಯಾದ ವರ್ಷವೇ ಜಾರಿಗೆ ತಂದ ಕಾನೂನು. ನನ್ನ ಕೈ ದಾಟಿ ಬಂದದ್ದನ್ನು ಮೆಕ್ಯಾನಿಕ್ಕೂ ಮುಟ್ಟುವುದಿಲ್ಲ ಎಂಬುದು ಆಮೇಲೆ ನನ್ನ ಹೆಂಡತಿ ಸೇರಿಸಿದ ತಿದ್ದುಪಡಿ! ಆ ಭಾನುವಾರ ಬೆಳಿಗ್ಗೆ ಅವಳು ಕಂಪ್ಯೂಟರಿನ ಮುಂದೆ ಕೂತು, "ರೀ, ಅಪ್ಪನ ದನಿ ಬರ್ತಾನೇ ಇಲ್ಲ!" ಎಂದು ಕೂಗಿದಾಗ ನಾನು ಎದೆಯುಬ್ಬಿಸಿಕೊಂಡು ಎದ್ದೆ.

"ಗಾಬರಿ ಆಗ್ಬೇಡ. ಹತ್ತು ನಿಮಿಷದ ಕೆಲಸ."

"ನೀವು ಹತ್ತು ನಿಮಿಷ ಅಂದ್ರೇನೇ ನಂಗೆ ಗಾಬರಿ. ಮಿಕ್ಸಿಗೂ ಹೀಗೇ ಅಂದಿದ್ರಿ."

ಮಿಕ್ಸಿಯ ವಿಷಯ ಈಗ ಬೇಡ.

ನನ್ನ ಮಾವನವರು ಗಡಿಯಾರ ರಿಪೇರಿಯವರು. ದರ್ಜಿಯ ಅಂಗಡಿಗೂ ಕ್ಷೌರದಂಗಡಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕಾದಷ್ಟು ಅಂಗಡಿ. ಇಪ್ಪತ್ತು ವರ್ಷದ ಹಿಂದೆ ನಾನು ಹೊಸ ಟೇಪ್ ರೆಕಾರ್ಡರ್ ಕೊಂಡ ಹುರುಪಿನಲ್ಲಿ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ ಅವರ ಮಾತನ್ನು ಹಿಡಿದಿಟ್ಟಿದ್ದೆ. ಮುಂದೆ ಅದನ್ನು ಕಂಪ್ಯೂಟರಿಗೆ ಏರಿಸಿದೆ. ಏರಿಸಲು ಬಿಟ್ಟು ನಾನು ಸ್ನಾನಕ್ಕೆ ಹೋಗಿದ್ದೆನೇ ಹೊರತು ಕೂತು ಕೇಳಿರಲಿಲ್ಲ. ಆಮೇಲೆ ಕ್ಯಾಸೆಟ್ಟಿನ ಟೇಪು ಸಿಕ್ಕುಸಿಕ್ಕಾಗಿ ಹಾಳಾಯಿತು. ಮಾವನವರು ಹೋಗಿ ಒಂಬತ್ತು ವರ್ಷವಾಯಿತು. ಕೇಳಿದರೆ ಅಳು ತಡೆಯಲಾಗದು ಎಂದು ಹೆಂಡತಿ ಇಷ್ಟು ದಿನ ಅದನ್ನು ಮುಟ್ಟಿರಲಿಲ್ಲ.

ಇವತ್ತು ಮುಟ್ಟಿದ್ದು ತಂಗಿಗಾಗಿ. ಅಪ್ಪ ಹೋದಾಗ ನನ್ನ ನಾದಿನಿ ದೂರದ ಊರಿನಲ್ಲಿದ್ದಳು, ಬಂದು ತಲುಪುವಷ್ಟರಲ್ಲಿ ಎಲ್ಲಾ ಮುಗಿದಿತ್ತು. "ಭಾವ, ಒಂದ್ಸಲ ಅಪ್ಪನ ದನಿ ಕೇಳಿಸಿ ಸಾಕು" ಎಂದು ಎಷ್ಟೋ ವರ್ಷದಿಂದ ಫೋನಿನಲ್ಲಿ ಕೇಳುತ್ತಲೇ ಇದ್ದಳು. ಇವತ್ತು ನಾಲ್ಕಕ್ಕೆ ಬರುವವಳು, ಆರರ ಬಸ್ಸಿಗೆ ವಾಪಸು ಹೋಗುವವಳು. ಅವರಿಬ್ಬರಿಗೂ ಅಪ್ಪನ ದನಿ ಅಂತ ಉಳಿದಿದ್ದು ಈ ಪೆಟ್ಟಿಗೆಯೊಳಗೆ ಮಾತ್ರ.

ನಾನು ಕುರ್ಚಿ ಎಳೆದುಕೊಂಡು ರೆಕಾರ್ಡಿಂಗ್ ಒತ್ತಿದೆ. ಅರ್ಧ ನಿಮಿಷ ಕಾದೆ. ಅದು ನನ್ನ ತಾಳ್ಮೆಯ ಪರಮಾವಧಿ! ಮಾತಿಲ್ಲ. ಸದ್ದು ಪೂರ್ತಿ ಏರಿಸಿದೆ. ಸುಯ್ ಎಂಬ ಸದ್ದು, ಅದರ ಹಿಂದೆ ಸಣ್ಣಗೆ ಟಿಕ್, ಟಿಕ್, ಟಿಕ್.

"ಗೊತ್ತಾಯ್ತು! ಎಲ್ಲೋ ವೈರು ಸಡಿಲ ಆಗಿ ಟಿಕ್ ಟಿಕ್ ಅಂತಿದೆ."

"ಸಡಿಲ ಆಗಿರೋದು ವೈರೇ ತಾನೆ?"

ಇಂಥ ಮಾತುಗಳಿಗೆ ಕಿವಿಗೊಟ್ಟರೆ ವಿಜ್ಞಾನ ಮುಂದುವರಿಯುವುದುಂಟೇ? ಕಂಪ್ಯೂಟರನ್ನು ಗೋಡೆಯಿಂದ ಎಳೆದು, ಹಿಂದಿನ ವೈರುಗಳನ್ನೆಲ್ಲ ಕಿತ್ತು, ಊದಿ, ಒರೆಸಿ ಸಿಕ್ಕಿಸಿದೆ. ಹಸಿರು ಪಿನ್ನನ್ನು ಗುಲಾಬಿ ತೂತಿಗೂ ಗುಲಾಬಿ ಪಿನ್ನನ್ನು ಹಸಿರು ತೂತಿಗೂ ಚುಚ್ಚಿದ್ದು ಕಾಲು ಗಂಟೆ ಕಳೆದ ಮೇಲೆ ತಿಳಿಯಿತು. ಸರಿಪಡಿಸಿ, ಒತ್ತಿ, ಅರ್ಧ ನಿಮಿಷ ಕಾದೆ. ಟಿಕ್, ಟಿಕ್.

ಹಾಗಾದರೆ ತಪ್ಪು ಒಳಗಿನದು! ಸದ್ದಿನ ಸಾಫ್ಟ್‌ವೇರನ್ನೇ ಕಿತ್ತುಹಾಕಿ ಹೊಸದಾಗಿ ಹಾಕಬೇಕೆಂದು ತೀರ್ಮಾನಿಸಿದೆ. ಕಿತ್ತುಹಾಕುವುದು ಒಂದೇ ಕ್ಷಣದಲ್ಲಿ ಆಯಿತು. ಹಾಕುವುದಕ್ಕೆ ಎರಡೂವರೆ ಗಂಟೆ ಹಿಡಿಯಿತು. ಆ ನಡುವೆ ಟಿಕ್ ಟಿಕ್ ಕೂಡ ನಿಂತುಹೋಗಿ ಸ್ಮಶಾನ ಮೌನ. ಕೊನೆಗೆ ಮತ್ತೆ ಟಿಕ್ ಎಂದಾಗ ನಾನು ಖುಷಿಯಿಂದ ಕೇಕೆ ಹಾಕಿದೆ.

ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. "ಅಪ್ಪ ಮಾತಾಡಿದ್ರಾ?"

"ಇಲ್ಲ. ಬೆಳಿಗ್ಗೆ ಎಲ್ಲಿದ್ವೋ ಅಲ್ಲಿಗೆ ಬಂದ್ವಿ!"

ಅವಳು ಗೋಡೆ ಗಡಿಯಾರ ನೋಡಿ ವಾಪಸು ಹೋದಳು. ಬೈದಿದ್ದರೆ ವಾಸಿಯಿತ್ತು.

ಇನ್ನು ಉಳಿದದ್ದು ಸ್ಪೀಕರುಗಳು. ಎಡಗಡೆಯದನ್ನು ಬಿಚ್ಚಿದೆ. ಆರು ಸ್ಕ್ರೂ ತೆಗೆದಿದ್ದೆ, ತಿರುಗಿ ಮುಚ್ಚಿದಾಗ ಐದೇ ಹಿಡಿಸಿದವು, ಒಂದು ಮಿಕ್ಕಿತು. ಅದಾದ ಮೇಲೆ ಎಡಗಡೆಯ ಸ್ಪೀಕರು ಟಿಕ್ ಎನ್ನುವುದನ್ನೂ ಬಿಟ್ಟಿತು. ಮಿಕ್ಕ ಸ್ಕ್ರೂವನ್ನು ಯಾರೂ ಕಾಣದಂತೆ ಮೇಜಿನ ಮೇಲಿನ ಪುಸ್ತಕದಡಿ ತಳ್ಳುವಾಗಲೇ ಕರೆಗಂಟೆ ಬಾರಿಸಿತು.

ನಾದಿನಿ ಚೀಲವನ್ನೂ ಇಳಿಸದೆ ಕೇಳಿದಳು, "ಎಲ್ಲಿ ಭಾವ?"

ಹೆಂಡತಿ ಅವಳ ಕೈ ಹಿಡಿದುಕೊಂಡಳು. "ಬೆಳಿಗ್ಗೆಯಿಂದ ನೋಡ್ತಿದ್ದಾರೆ ಕಣೇ. ಬರ್ತಿಲ್ಲ. ಬರೀ ಟಿಕ್ ಟಿಕ್ ಅನ್ನುತ್ತೆ." ಇಂಗು ತಿಂದ ಮಂಗನ ಮುಖ ಹೊತ್ತು ನಿಂತಿದ್ದ ನನಗೆ ನಿಜಕ್ಕೂ ಎಲ್ಲಾದರೂ ಓಡಿಹೋಗೋಣ ಎನಿಸಿತು. ಅವರ ಅಪ್ಪನನ್ನು ನಾನೇ ಕಳೆದುಹಾಕಿದೆನೇ?

"ಅದನ್ನೇ ಹಾಕಿ, ಕೇಳೋಣ" ಎಂದಳು ನಾದಿನಿ.

ಒತ್ತಿದೆ. ಬಲಗಡೆಯ ಸ್ಪೀಕರು ಮಾತ್ರ ಸುಯ್ ಎಂದಿತು. ಟಿಕ್, ಟಿಕ್. ಅರ್ಧ ನಿಮಿಷವಾದೊಡನೆ ಅಭ್ಯಾಸಬಲದಿಂದ ನಿಲ್ಲಿಸಲು ಕೈ ಚಾಚಿದೆ.

"ಮುಟ್ಟಬೇಡಿ ಭಾವ!" ನಾದಿನಿ ನನ್ನ ಕೈ ಸರಿಸಿದಳು. "ಅಕ್ಕ, ಇದು ಅಂಗಡಿ ಗೋಡೆ ಮೇಲಿನ ದೊಡ್ಡ ಗಡಿಯಾರ ಅಲ್ವೇನೇ?"

ಹೆಂಡತಿ ಕಣ್ಣರಳಿಸಿದಳು. "ಅಯ್ಯೋ, ಹೌದಲ್ಲೇ! ಅಪ್ಪ ಕೆಲಸದಲ್ಲಿದ್ದಾರೆ!"

ಆಗ ನೆನಪಾಯಿತು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡರೆಂದರೆ ಮಾವನವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ, ಉಸಿರನ್ನೂ ಅಳೆದೇ ಬಿಡುತ್ತಿದ್ದರು. ಚಿಕ್ಕಂದಿನಲ್ಲಿ ಈ ಅಕ್ಕತಂಗಿಯರಿಬ್ಬರೂ ಶಾಲೆಯಿಂದ ಬಂದು, ಹೇಳಬೇಕಾದ್ದನ್ನೆಲ್ಲ ಬಾಯಲ್ಲಿ ತುಂಬಿಕೊಂಡು, ಅವರು ಗಾಜು ತೆಗೆಯುವವರೆಗೆ ಬಾಗಿಲಲ್ಲಿ ಕಾಯುತ್ತಿದ್ದರಂತೆ. ಈಗಲೂ ಹಾಗೆಯೇ ಪಕ್ಕಪಕ್ಕ ನಿಂತು ಕಾದರು. ಒಂದು ನಿಮಿಷ. ಎರಡು ನಿಮಿಷ. ನಾನೂ ಕಾದೆ, ಜೀವನದಲ್ಲಿ ಮೊದಲ ಬಾರಿ. ಆ ಅಂಗಡಿಯ ಎಣ್ಣೆಯ ವಾಸನೆ, ಮೊಣಕೈ ತಗುಲಿ ಸವೆದ ಮೇಜಿನಂಚು, ಎಲ್ಲಾ ಹತ್ತಿರ ಬಂದು ಕೂತವು.

ನಾಲ್ಕನೆಯ ನಿಮಿಷಕ್ಕೆ ಟಪ್ ಎಂದಿತು. ಗಾಜನ್ನು ಮೇಜಿನ ಮೇಲಿಟ್ಟ ಸದ್ದು. "ತೆಗೆದ್ರು!" ಎಂದು ಇಬ್ಬರೂ ಒಟ್ಟಿಗೇ ಪಿಸುಗುಟ್ಟಿದರು. ಆಮೇಲೆ ಆ ನಿಧಾನದ ದನಿ, ಸ್ಪಷ್ಟವಾಗಿ:

"ಅಳಿಯಂದಿರೇ, ಆ ಅಲಾರಂ ಬಿಚ್ಚಬೇಡಿ. ಅದೇನೂ ಕೆಟ್ಟಿಲ್ಲ. ಸ್ವಲ್ಪ ಕಾದು ನೋಡಿ, ತಾನಾಗೇ ನಡೆಯುತ್ತೆ."

ಅದರ ಹಿಂದೆಯೇ ಎಳೆಯ, ಅಹಂಕಾರದ ಇನ್ನೊಂದು ದನಿ: "ನಂಗೆ ಗೊತ್ತು ಮಾವ! ಹತ್ತು ನಿಮಿಷದ ಕೆಲಸ!"

ಆ ದನಿ ಯಾರದೆಂದು ಹೇಳಬೇಕಾಗಿಲ್ಲ. ಮರುಕ್ಷಣವೇ ಟಣ್ ಎಂದು ಸ್ಪ್ರಿಂಗ್ ಹಾರಿ, ಏನೋ ಉರುಳಿ, ಮಾವನವರು ನಗತೊಡಗಿದರು. ತಡೆದು ತಡೆದು, ಆಮೇಲೆ ತಡೆಯಲಾಗದೆ, ಕೆಮ್ಮು ಬರುವವರೆಗೂ ನಕ್ಕರು. ಅಕ್ಕತಂಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಾ ಅವರ ಜೊತೆಗೇ ನಕ್ಕರು. ನನ್ನ ಕಣ್ಣೂ ಒದ್ದೆಯಾಯಿತು, ಅದನ್ನು ಮುಚ್ಚಿಡುವುದೇಕೆ.

ನಾದಿನಿ ಅದನ್ನು ಐದು ಸಲ ಕೇಳಿ, ಆರರ ಬಸ್ಸು ತಪ್ಪಿಸಿಕೊಂಡು, ರಾತ್ರಿ ಇಲ್ಲೇ ಉಳಿಯುತ್ತೇನೆಂದಳು.

ಹೆಂಡತಿ ಕಣ್ಣೊರೆಸಿಕೊಂಡು ಪುಸ್ತಕದಡಿಯಿಂದ ಸ್ಕ್ರೂವನ್ನು ಹೆಕ್ಕಿ ನನ್ನ ಅಂಗೈಯಲ್ಲಿಟ್ಟಳು.

"ಅಪ್ಪ ಹೇಳಿ ಇಪ್ಪತ್ತು ವರ್ಷ ಆಯ್ತು. ಈಗಲಾದ್ರೂ ಕೇಳಿಸ್ತಾ?"