ವಾರಸುದಾರರಿಲ್ಲದ ಕನಸು

"ಸಾಹೇಬರನ್ನ ಟ್ರಂಕಿಗೆ ತುಂಬಿದೆ ಅಂದ್ಯಲ್ಲ, ಮಡಚಿ ತುಂಬಿದೆಯೋ, ಉದ್ದಕ್ಕೆ ಮಲಗಿಸಿದೆಯೋ?" ಎಂದು ಕೊಡೆ ಮಾವ ಕೇಳಿದರು.

"ಕನಸು ಮಾವ. ಅಷ್ಟೆಲ್ಲ ಯಾರಿಗೆ ನೆನಪಿರುತ್ತೆ?"

"ಮಡಚಿದ್ರೆ ಸಿಟ್ಟು ಹಳೇದು ಅಂತ ಅರ್ಥ. ಅದಕ್ಕೇ ಕೇಳಿದೆ."

ಬಾಯಿಬಿಟ್ಟಿದ್ದೇ ತಪ್ಪಾಯಿತು ಎಂದು ಗುಮಾಸ್ತ ನಾಲಿಗೆ ಕಚ್ಚಿಕೊಂಡ. ರೈಲಿನಲ್ಲಿ ಜನ ಮರೆತುಹೋದ ಸಾಮಾನುಗಳನ್ನು ಕಾದಿಡುವ ಕಚೇರಿ ಅದು. ಅದರ ನೆಲಮಾಳಿಗೆಯ ಕಿಟಕಿಯಿಲ್ಲದ ಉಗ್ರಾಣದಲ್ಲಿ ಅವನು ಹನ್ನೊಂದು ವರ್ಷದಿಂದ ಟ್ರಂಕು ಎತ್ತಿಡುತ್ತಿದ್ದ. ಮೇಲಿನ ಕೌಂಟರಿನ ಮುಖ್ಯಸ್ಥೆ ನಿವೃತ್ತರಾಗಿದ್ದರು. ಆ ಕುರ್ಚಿ, ಪಕ್ಕದ ಕಿಟಕಿ ಸಮೇತ, ಯಾರಿಗೆಂದು ಸಾಹೇಬರು ಅಂದು ಸಂಜೆ ನಾಲ್ಕಕ್ಕೆ ಹೇಳುವವರಿದ್ದರು. ಅಂಥ ದಿನವೇ ಇಂಥ ಕನಸು ಬೀಳಬೇಕೇ? ಸಾಹೇಬರನ್ನು ಟ್ರಂಕಿಗೆ ಹಾಕಿ, ಚೀಟಿ ಕಟ್ಟಿ, ಎಲ್ಲಕ್ಕಿಂತ ಮೇಲಿನ ಅಟ್ಟಕ್ಕೆ ಏರಿಸಿದ್ದ. ಮೂರು ತಿಂಗಳಾದರೂ ಯಾರೂ ಅವರನ್ನು ಕೇಳಿಕೊಂಡು ಬಂದಿರಲಿಲ್ಲ.

ಕಳೆದುಹೋದ ಕೊಡೆಗಳನ್ನು ನೋಡಿಕೊಳ್ಳುವ ಕೊಡೆ ಮಾವ, ಹಳೇ ಪುಸ್ತಕದಂಗಡಿಯ ಮನಃಶಾಸ್ತ್ರವನ್ನೆಲ್ಲ ತೂಕದ ಲೆಕ್ಕದಲ್ಲಿ ತಂದು ಓದಿದವರು. "ಒಳಗೆ ಅದುಮಿಟ್ಟ ಆಸೆಯೇ ಕನಸು" ಎಂದು ತೀರ್ಪು ಕೊಟ್ಟರು.

"ಆಸೆಯೂ ಇಲ್ಲ, ಮಣ್ಣೂ ಇಲ್ಲ" ಎಂದರು ಕೀಲಿಕೈ ವಿಭಾಗದ ಕೀಲಿ ಅಕ್ಕ. "ಮಲಗಿದಾಗ ಮಿದುಳು ಕಸ ಗುಡಿಸುತ್ತೆ, ಅಷ್ಟೇ. ನಿನ್ನೆ ಇವನು ಟ್ರಂಕು ಹೊತ್ತ, ನಿನ್ನೆಯೇ ಸಾಹೇಬರ ಹತ್ರ ಬೈಸಿಕೊಂಡ. ಎರಡೂ ಒಂದೇ ಮೊರಕ್ಕೆ ಬಿತ್ತು. ಕಸದಲ್ಲಿ ಅರ್ಥ ಹುಡುಕ್ತಾರಾ?"

"ಕಸ ನೋಡಿದ್ರೇನೇ ಅಮ್ಮಾ, ಒಳಗೆ ಏನು ತಿಂದಿದಾರೆ ಅಂತ ಗೊತ್ತಾಗೋದು."

ಯಾವುದೇ ವಸ್ತುವಿನ ಮೂಲದ ಬಗ್ಗೆ ಇಬ್ಬರಿಗೆ ಜಗಳ ಬಂದರೆ ಇಬ್ಬರ ಅಭಿಪ್ರಾಯವನ್ನೂ ಒಂದು ಕಾರ್ಡಿನಲ್ಲಿ ಬರೆದು ಸಾಹೇಬರ ಬುಟ್ಟಿಗೆ ಹಾಕುವುದು ಆ ಕಚೇರಿಯ ಪದ್ಧತಿ. ಇಪ್ಪತ್ತು ವರ್ಷ ಕಾರ್ಡು ಬರೆದ ಕೈ, ಸುಮ್ಮನಿರುತ್ತದೆಯೇ? ಕೊಡೆ ಮಾವ ಬರೆದರು: "ವಸ್ತು: ಕನಸು, ಒಂದು. ಸಿಕ್ಕ ಜಾಗ: ಗುಮಾಸ್ತನ ತಲೆ. ಒಳಗಿರುವುದು: ಸಾಹೇಬರು, ಟ್ರಂಕಿನಲ್ಲಿ. ಮೂಲ: ಅದುಮಿಟ್ಟ ಆಸೆ." ಕೀಲಿ ಅಕ್ಕ ಕೆಳಗೆ "ಒಪ್ಪಿಗೆಯಿಲ್ಲ, ಬರೀ ಕಸ" ಎಂದು ಬರೆದು ಸಹಿ ಹಾಕಿದರು. ಗುಮಾಸ್ತ ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಬುಟ್ಟಿ ಮೇಲೆ ಹೋಗಿತ್ತು.

ಮೂರೂವರೆಗೆ ಸಾಹೇಬರಿಂದ ಗುಮಾಸ್ತನಿಗೆ ಕರೆ ಬಂತು.

"ನನ್ನ ಹನ್ನೊಂದು ವರ್ಷಕ್ಕೆ ಇಬ್ಬರೂ ಸೇರಿ ಎಳ್ಳುನೀರು ಬಿಟ್ರಿ" ಎಂದು ಅವನು ಮೆಟ್ಟಿಲ ಮೇಲೆ ಕುಸಿದ.

ಕೊಡೆ ಮಾವನಿಗೆ ನಾಚಿಕೆಯಾಯಿತು. "ನೋಡಪ್ಪಾ, ಕನಸಿನಲ್ಲಿ ಬರೋರೆಲ್ಲ ನಾವೇ ಅನ್ನೋ ಇನ್ನೊಂದು ಪಂಗಡ ಇದೆ. ನನಗೆ ಅವರನ್ನ ಕಂಡ್ರೆ ಆಗಲ್ಲ. ಆದ್ರೂ ಇವತ್ತೊಂದು ದಿನ ನೀನು ಅವರ ಕಡೆ ಸೇರ್ಕೋ."

"ಸೇರ್ಕೋ" ಎಂದರು ಕೀಲಿ ಅಕ್ಕ. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಸಾಹೇಬರ ಮುಂದೆ ಕಾರ್ಡು ಇತ್ತು. "ಇದು ನಿಂದಾ?"

"ನನ್ನದೇ ಸರ್. ಆದ್ರೆ ಒಳಗಿರೋದು ತಾವಲ್ಲ. ಕನಸಿನಲ್ಲಿ ಯಾರ ಮುಖ ಕಂಡರೂ ಅದು ಕನಸು ಕಂಡವನೇ ಅಂತೆ. ಶಾಸ್ತ್ರದಲ್ಲೇ ಇದೆ."

"ಅಂದ್ರೆ ಟ್ರಂಕಿನಲ್ಲಿದ್ದಿದ್ದು ನೀನು."

"ನಾನೇ ಸರ್."

"ಮೂರು ತಿಂಗಳು."

"ಉಸಿರೆತ್ತಲಿಲ್ಲ ಸರ್."

"ಒಳಗಿಂದ ಒಂದ್ಸಲ ಬಡೀಲೂ ಇಲ್ವಾ?"

"ಗಲಾಟೆ ಮಾಡೋ ಪೈಕಿ ಅಲ್ಲ ಸರ್ ನಾನು."

ಸಾಹೇಬರು ಕನ್ನಡಕ ತೆಗೆದಿಟ್ಟು ನಿಟ್ಟುಸಿರು ಬಿಟ್ಟರು. "ಕೌಂಟರಿಗೆ ದಿನಾ ನೂರು ಜನ ಜಗಳಕ್ಕೇ ಅಂತ ಬರ್ತಾರಪ್ಪ. ನೀನು ಪಾಪ, ಸಾಧು ಅಂತ ನಿನ್ನ ಕೈಬಿಟ್ಟಿದ್ದೆ. ಮಧ್ಯಾಹ್ನ ಈ ಕಾರ್ಡು ಓದಿದೆ ನೋಡು, ಸದ್ಯ, ನನ್ನನ್ನೇ ಟ್ರಂಕಿಗೆ ಹಾಕೋ ಧೈರ್ಯ ಇರೋನೊಬ್ಬ ಇದಾನಲ್ಲ ಅಂತ ಆದೇಶಕ್ಕೆ ನಿನ್ನ ಹೆಸರೇ ಬರೆದೆ."

ಗುಮಾಸ್ತ ಕಾರ್ಡಿನಲ್ಲಿ ಕೊಡೆ ಮಾವ ಬರೆದ ಸಾಲಿನ ಮೇಲೆ ಬೆರಳಿಟ್ಟ. "ಸರ್, ಆ ಅದುಮಿಟ್ಟ ಆಸೆಯ ಸಿದ್ಧಾಂತವೂ ಚೆನ್ನಾಗೇ ಇದೆ ಸರ್."

"ನಮ್ಮ ನಿಯಮ ಗೊತ್ತಲ್ಲ. ಒಳಗಿರೋದು ನಂದೇ ಅಂತ ಒಪ್ಕೊಂಡ ಮೇಲೆ ವಾಪಸ್ ತಗೊಳ್ಳಲ್ಲ" ಎಂದು ಸಾಹೇಬರು ಆದೇಶದಲ್ಲಿದ್ದ ಅವನ ಹೆಸರಿನ ಮೇಲೆ ಗೀಟು ಎಳೆದರು.

ಅವನು ಬಾಗಿಲು ತೆರೆದ. ಅದಕ್ಕೆ ಕಿವಿಯಾನಿಸಿ ನಿಂತಿದ್ದ ಕೊಡೆ ಮಾವ, ಅವರ ಹಿಂದೆಯೇ ಕೀಲಿ ಅಕ್ಕ, ಒಬ್ಬರ ಮೇಲೊಬ್ಬರು ಒಳಗೆ ಬಿದ್ದರು. ಗುಮಾಸ್ತ ಅವರನ್ನು ದಾಟಿಕೊಂಡು ಕೆಳಗಿಳಿದು ಹೋದ.