ನಾನು ಆರಿಸಿದ ರೇಸು

ಕುದುರೆಯನ್ನು ಯಾರು ಬೇಕಾದರೂ ಆರಿಸುತ್ತಾರೆ ಸ್ವಾಮಿ, ರೇಸು ಆರಿಸುವುದಕ್ಕೆ ತಲೆ ಬೇಕು! ದುಡ್ಡು ಹಾಕಬಹುದಾದ ರೇಸು ದಿನಕ್ಕೆ ಒಂದೇ. ಉಳಿದದ್ದೆಲ್ಲ ಕುದುರೆಗಳ ವ್ಯಾಯಾಮ. ಈ ಮಹಾಸಿದ್ಧಾಂತವನ್ನು ನಾನು ಕಂಡುಹಿಡಿದದ್ದು ನನ್ನ ಕನ್ನಡಕದ ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ.

ಲೋಕಕ್ಕೆ ಸಾರುವ ಮೊದಲು ಹೆಂಡತಿಗೆ ಸಾರಿದೆ. ನಮ್ಮ ಹಾಸಿಗೆ ನಡುವೆ ಬಾವಿಯಂತೆ ಕುಸಿದಿತ್ತು. ಹೊಸದಕ್ಕೆಂದು ಅವಳು ದುಡ್ಡು ಕೂಡಿಸಿಟ್ಟಿದ್ದಳು.

"ಅದನ್ನ ಇಲ್ಲಿ ಕೊಡು. ಸಂಜೆ ಹಾಸಿಗೆ ಜೊತೆ ಮಂಚವೂ ಬರುತ್ತೆ!"

"ಕೊಡ್ತೀನಿ. ಆದ್ರೆ ದುಡ್ಡಿನ ಜೊತೆ ನಾನೂ ಬರ್ತೀನಿ."

ರೇಸ್‌ಕೋರ್ಸಿಗೆ ಬಂದೇ ಬಂದಳು. ಮೊದಲ ರೇಸು ಬೇಡವೆಂದು ನಾನು ಕೈಯಲ್ಲಾಡಿಸಿಬಿಟ್ಟೆ. "ಕುದುರೆ ಜಾಸ್ತಿ. ಇದು ರೇಸಲ್ಲ, ಸಂತೆ!"

ಎರಡನೆಯದೂ ಬೇಡವೆಂದೆ. "ಎಲ್ಲಾ ಹೊಸ ಕುದುರೆ ಕಣೇ. ಗುಣ ಗೊತ್ತಿಲ್ಲ."

"ನಿಮ್ಮ ಗುಣ ಗೊತ್ತಿಲ್ಲದೇ ನಾನು ಮದುವೆ ಆಗ್ಲಿಲ್ವಾ?"

"ಅದಕ್ಕೇ ಹೇಳೋದು, ಹಾಗೆಲ್ಲ ದುಡುಕಬಾರದು!" ಅಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

ಮೂರನೆಯದು ತುಂಬಾ ದೂರದ ಓಟ ಅಂದೆ. "ಓಡೋದು ನೀವಲ್ವಲ್ರೀ!" ಅಂತ ಅವಳು ಗೊಣಗಿದಳು.

ಕೊನೆಗೂ ಬಂತು ನನ್ನ ರೇಸು! ಬೆರಳೆಣಿಕೆಯ ಕುದುರೆಗಳು, ಒಣಗಿದ ನೆಲ, ನಾಲ್ಕನೇ ನಂಬರಿನಲ್ಲಿ ಮಹಾರಾಣಿಯಂತೆ ಕತ್ತೆತ್ತಿ ನಡೆಯುವ ಕಪ್ಪು ಕುದುರೆ. ಟಿಕೆಟ್ ಕೊಡುವ ಕಡೆ ಓಡಿದೆ. ಎಲ್ಲಾ ಕಿಟಕಿಗಳ ಮುಂದೂ ಮಾರುದ್ದ ಸಾಲು, ಒಂದು ಮಾತ್ರ ಖಾಲಿ! ಅದೃಷ್ಟ ಅಂದರೆ ಇದು ಅಂದುಕೊಂಡು, "ಮುಂದಿನ ರೇಸು, ನಾಲ್ಕನೇ ನಂಬರು!" ಎಂದು ಅಷ್ಟೂ ದುಡ್ಡನ್ನು ತೂರಿಸಿದೆ.

ಕಪ್ಪು ಕುದುರೆ ಬಾಣದಂತೆ ಹೋಯಿತು. ಗೆದ್ದೇ ಬಿಟ್ಟಿತು! ನಾನು ಪಕ್ಕದಲ್ಲಿದ್ದ ಅಪರಿಚಿತನನ್ನು ತಬ್ಬಿಕೊಂಡೆ. ಹೆಂಡತಿಯ ಮುಖವೂ ಅರಳಿತು. "ರೀ, ಮಂಚಕ್ಕೆ ಡ್ರಾಯರ್ ಇರೋದೇ ತಗೊಳ್ಳೋಣ!"

ದುಡ್ಡು ಕೊಡುವ ಗುಮಾಸ್ತ ನನ್ನ ಟಿಕೆಟನ್ನು ತಿರುಗಿಸಿ ತಿರುಗಿಸಿ ನೋಡಿದ. "ಸಾರ್, ಇದು ಬೇರೆ ಊರಿನ ರೇಸಿಂದು. ಟಿವಿಯಲ್ಲಿ ತೋರಿಸ್ತೀವಲ್ಲ, ಅದು. ಅದಕ್ಕೆ ಬೇರೇನೇ ಕಿಟಕಿ. ಅಷ್ಟು ದೊಡ್ಡ ಬೋರ್ಡು ಕಾಣಿಸಲಿಲ್ವಾ? ಒಂದ್ಸಲ ಕಣ್ಣು ತೋರಿಸ್ಕೊಳ್ಳಿ."

ಕನ್ನಡಕ ಮಾರುವವನಿಗೆ ಈ ಮಾತು! ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಸುಟ್ಟು ಬೂದಿಯಾಗುತ್ತಿದ್ದೆ.

"ಆ ರೇಸು ಇನ್ನೂ ಆಗಿಲ್ಲ ಸಾರ್, ಈಗ ಶುರು," ಎಂದು ಗುಮಾಸ್ತನೇ ಸಮಾಧಾನ ಹೇಳಿದ.

ಇಬ್ಬರೂ ಟಿವಿ ಮುಂದೆ ಉಸಿರು ಬಿಗಿಹಿಡಿದು ನಿಂತೆವು. ಗೇಟು ತೆರೆಯಿತು. ಕುದುರೆಗಳೆಲ್ಲ ಧೂಳೆಬ್ಬಿಸಿಕೊಂಡು ಹೊರಟವು, ನಾಲ್ಕನೇ ನಂಬರಿನ ಕಂದು ಕುದುರೆಯೊಂದನ್ನು ಬಿಟ್ಟು! ಅದು ನಿಂತಲ್ಲೇ ಬಾಲ ಬೀಸುತ್ತಿತ್ತು. ಸವಾರ ಗದರಿಸಿದ, ಬೇಡಿಕೊಂಡ, ಹಿಮ್ಮಡಿಯಿಂದ ತಿವಿದ. ಊಹೂಂ! ಉಳಿದವು ಗುರಿ ಮುಟ್ಟುವ ಹೊತ್ತಿಗೆ ಅದು ಬಗ್ಗಿ ಹುಲ್ಲು ಮೂಸುತ್ತಿತ್ತು.

"ದರಿದ್ರ ಕುದುರೆ! ಒಂಚೂರಾದ್ರೂ ಬುದ್ಧಿ ಇದೆಯಾ ಅದಕ್ಕೆ?" ಎಂದು ಹಲ್ಲು ಕಡಿದೆ.

ಹೆಂಡತಿ ಖಾಲಿ ಪರ್ಸನ್ನು ಟಪ್ಪೆಂದು ಮುಚ್ಚಿದಳು.

"ಪಾಪ, ಅದನ್ಯಾಕ್ರೀ ಬೈತೀರ? ಯಾವ ರೇಸಿಗೆ ಇಳೀಬಾರ್ದು ಅಂತ ಇವತ್ತು ಸರಿಯಾಗಿ ಗೊತ್ತಿದ್ದಿದ್ದು ಅದೊಂದಕ್ಕೇ!"