ಟಿವಿ ಇಲ್ಲದ ಮನೆಗೆ ಆಂಟೆನಾ

ಇಂಥವೆಲ್ಲ ನಿಮಗೇ ಯಾಕೆ ಆಗುತ್ತೆ ಅಂತ ಕೇಳ್ಬೇಡಿ. ವ್ಯಾಪಾರ ಅಂತ ಒಂದು ಬಾಗಿಲು ತೆಗೆದು ಕೂತ್ರೆ ಸಾಕು, ದಿನಕ್ಕೊಂದು ತಾನಾಗೇ ನಡ್ಕೊಂಡು ಒಳಗೆ ಬರುತ್ತೆ. ಈ ಸಲ ಮಾತ್ರ ಒಂದಕ್ಷರಾನೂ ಸೇರಿಸಲ್ಲ, ಬನಶಂಕರಿ ಅಮ್ಮನ ಮೇಲಾಣೆ. ಹೋದ ಸಲ ಹೇಳಿದ ಸ್ಕೂಟರ್ ಕಥೇಲಿ ಸ್ಕೂಟರ್ ಒಂದೇ ನಿಜ ಅಂತ ಮನೇಲಿ ಎಲ್ಲರಿಗೂ ಗೊತ್ತಾಗೋಗಿದೆ. ಅದಕ್ಕೇ ಈ ಸಲ ಆಣೆ ಹಾಕ್ತಿರೋದು.

ಎದುರಿಗೆ ನೋಟ್‌ಬುಕ್ ಇಟ್ಕೊಂಡು ಕೂತಿರೋಳು ನನ್ನ ಮೊಮ್ಮಗಳು, ಮಗಳ ಮಗಳು. ಬಿ.ಕಾಂ ಓದ್ತಾಳೆ. ದೊಡ್ಡ ದೇಶ, ಈಗ ತಾನೇ ಮೇಲೆ ಬರ್ತಿರೋ ದೇಶ, ಅಂಥ ಕಡೆ ವ್ಯಾಪಾರ ಮಾಡಿದ್ರೆ ಏನೇನು ಅನುಕೂಲ ಅಂತ ಕಾಲೇಜಲ್ಲಿ ಬರ್ಕೊಂಡು ಬರೋಕೆ ಹೇಳಿದ್ದಾರಂತೆ.

"ಪುಸ್ತಕದಲ್ಲಿ ಎಲ್ಲಾ ಇದೆ ತಾತ. ಆದ್ರೆ ಅನುಭವಸ್ಥರು ಒಬ್ಬರನ್ನ ಮಾತಾಡಿಸ್ಬೇಕಂತೆ. ಬೇರೆ ಯಾರೂ ಸಿಗ್ಲಿಲ್ಲ" ಅಂದ್ಲು.

ನಾನು ಕುರ್ಚಿ ಹತ್ತಿರಕ್ಕೆ ಎಳ್ಕೊಂಡೆ.

ಅನುಕೂಲಕ್ಕೆ ಮುಂಚೆ ನನ್ನ ಕಷ್ಟ

ಸಾರಕ್ಕಿ ಕಡೆ ಹೋಗೋ ರಸ್ತೇಲಿ ಹಿಟ್ಟಿನ ಮಿಲ್ ಪಕ್ಕ ನಂದೊಂದು ಅರ್ಧ ಅಂಗಡಿ ಇತ್ತು. ರೇಡಿಯೋ ರಿಪೇರಿ. ಮಿಲ್ ಓಡ್ತಾ ಇದ್ರೆ ಅಂಗಡಿಯೆಲ್ಲಾ ಬೆಳ್ಳಗಾಗೋದು. ನನ್ನ ಹತ್ರ ರಿಪೇರಿ ಆದ ರೇಡಿಯೋ ಆನ್ ಮಾಡಿದ್ರೆ ಮೊದಲು ರಾಗಿಹಿಟ್ಟು ಬರೋದು, ಆಮೇಲೆ ವಾರ್ತೆ.

ಆ ಅಂಗಡಿಗೆ ನಿಮ್ಮಜ್ಜಿ ಬರೋಳು. ಅವಾಗ ಅಜ್ಜಿ ಅಲ್ಲ, ಬನಶಂಕರಿ ಎರಡನೇ ಹಂತದ ಹೆಡ್ ಕ್ಲಾರ್ಕ್ ಒಬ್ಬರ ಮಗಳು. ನನ್ನ ನೋಡೋ ಆಸೆಗೆ, ಚೆನ್ನಾಗಿರೋ ರೇಡಿಯೋನ ಮೂರು ಸಲ ರಿಪೇರಿಗೆ ತಂದ್ಲು.

"ಪ್ರತಿ ಸಲ ನೀನೇ ಒಂದು ವೈರ್ ಬಿಚ್ಚಿ ಕಳಿಸ್ತಿದ್ದೆ ಅಂತ ಅಜ್ಜಿ ಹೇಳ್ತಾರೆ" ಅಂದ್ಲು ಮೊಮ್ಮಗಳು.

"ಅದನ್ನ ಬರ್ಕೋಬೇಡ. ಸಿಲೆಬಸ್ಸಲ್ಲಿಲ್ಲ."

ಸರಿ, ಧೈರ್ಯ ಮಾಡಿ ಅವರಪ್ಪನ ಹತ್ರ ಹೋದೆ. ಕನ್ನಡಕ ಮೂಗಿನ ತುದೀಗಿಳಿಸಿ ನನ್ನ ಮೇಲಿಂದ ಕೆಳಗೆ ನೋಡಿದ್ರು.

"ಏನು ಕೆಲಸ ನಿಂದು?"

"ಸ್ವಂತ ವ್ಯಾಪಾರ ಸಾರ್."

"ಅದು ಗೊತ್ತಾಯ್ತು. ಕೆಲಸ ಏನು?"

ಬೆಂಗಳೂರಿಗೆ ಟಿವಿ ಬಂದ ಹೊಸದು ಅದು. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. "ಇನ್ಮೇಲೆ ರೇಡಿಯೋ ಬಿಟ್ಟು ಟಿವಿ ಆಂಟೆನಾ ಹಾಕ್ತೀನಿ ಸಾರ್. ಊರು ದಿನಾ ಬೆಳೀತಿದೆ. ಎಷ್ಟು ಮನೆ ಏಳುತ್ತೋ ಅಷ್ಟು ಆಂಟೆನಾ."

ಅವರು ಕನ್ನಡಕ ಮೇಲಕ್ಕೇರಿಸಿದ್ರು. "ನೋಡಪ್ಪಾ, ಹಿಂದಿನ ರಸ್ತೆ ಬ್ಯಾಂಕ್ ಹುಡುಗನ ಜಾತಕ ಕೂಡಿ ಬಂದಿದೆ. ಆದ್ರೂ ಮಗಳು ಊಟ ಬಿಟ್ಟಿದ್ದಾಳೆ ಅಂತ ನಿಂಗೆ ಶ್ರಾವಣದವರೆಗೂ ಟೈಮ್ ಕೊಡ್ತೀನಿ. ಶ್ರಾವಣದ ಮೊದಲನೇ ಭಾನುವಾರ ನಮ್ಮ ತಾರಸಿ ಹತ್ತಿ ಸುತ್ತ ನೋಡ್ತೀನಿ. ನಿನ್ನ ವ್ಯಾಪಾರ ನನ್ನ ಕಣ್ಣಿಗೆ ಕಾಣಬೇಕು. ಕಂಡ್ರೆ ಹುಡುಗಿ ನಿಂಗೆ. ಇಲ್ಲಾಂದ್ರೆ ಮದುವೆಗೆ ಬಂದು ಊಟ ಮಾಡ್ಕೊಂಡು ಹೋಗು."

ಯುಗಾದಿ ಆಗಲೇ ಮುಗಿದಿತ್ತು.

ಒಂದನೇ ಅನುಕೂಲ: ಇರೋರಿಗಿಂತ ಇಲ್ಲದೋರು ಜಾಸ್ತಿ

ಮೊದಲನೇ ಗಿರಾಕಿ, ಮಾವನ ಮನೆಯಿಂದ ನಾಲ್ಕನೇ ಮನೆ ಆಂಟಿ. "ಭಾನುವಾರದೊಳಗೆ ಆಂಟೆನಾ ಹಾಕ್ಬೇಕಪ್ಪಾ" ಅಂದ್ರು. ಪೈಪು, ಕಡ್ಡಿ, ವೈರು ಎಲ್ಲಾ ಹೊತ್ಕೊಂಡು ಹೋದೆ. ತಾರಸಿ ಮೇಲೆ ನಿಲ್ಲಿಸಿ, ವೈರ್ ಕಿಟಕೀಲಿ ಇಳಿಬಿಟ್ಟು ಒಳಗೆ ಬಂದು ನೋಡ್ತೀನಿ, ಹಾಲಲ್ಲಿ ಹೊಲಿಗೆ ಮೆಷಿನ್ ಇದೆ, ದೇವರ ಫೋಟೋ ಇದೆ, ಟಿವಿ ಇಲ್ಲ.

"ಟಿವಿ ಎಲ್ಲಿ ಆಂಟಿ?"

"ಟಿವಿ ಯಾಕೆ? ಭಾನುವಾರ ಮಗಳನ್ನ ನೋಡೋಕೆ ಬರ್ತಿದ್ದಾರೆ. ಬೀದಿಗೆ ಬಂದೋರು ಮೊದಲು ನೋಡೋದು ತಾರಸಿನೇ."

"ಒಳಗೆ ಬಂದ್ಮೇಲೆ ಕೇಳಿದ್ರೆ?"

"ರಿಪೇರಿಗೆ ಕೊಟ್ಟಿದೀವಿ ಅಂತೀನಿ."

"ಯಾರಿಗೆ?"

"ನಿಂಗೇ ಕಣಪ್ಪಾ. ಆಂಟೆನಾ ಹಾಕಿದೋನು ನೀನೇ ತಾನೇ?"

ಸೋಮವಾರ ಬೆಳಿಗ್ಗೆ ಅಂಗಡಿ ಮುಂದೆ ಜರಿ ಪಂಚೆ ಉಟ್ಕೊಂಡು ಗಂಡಿನ ತಂದೆ ಬಂದು ನಿಂತ್ರು. "ಬನಶಂಕರಿಯೋರ ಟಿವಿ ನಿಮ್ಮ ಹತ್ರ ಇದೆಯಂತೆ?" ಅಂದ್ರು. ನಾನು ಮೂಲೇಲಿ ಗೋಣಿಚೀಲ ಮುಚ್ಚಿದ್ದ ಒಂದು ಪೆಟ್ಟಿಗೆ ತೋರಿಸಿ "ಅದೇ ಸಾರ್" ಅಂದೆ. ಒಳಗಿದ್ದಿದ್ದು ಮಿಲ್‌ನೋರ ತಕ್ಕಡಿ.

ಅವರು ಹತ್ತಿರ ಹೋಗ್ಲಿಲ್ಲ, ಬಿಚ್ಚು ಅನ್ನಲಿಲ್ಲ. ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಹೇಳಿದ್ರು. "ಅದರ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಇಡಿ. ಹೆಣ್ಣಿನ ಕಡೆಯೋರು ಬಂದು ಕೇಳಿದ್ರೆ ನಮ್ಮದೂ ರಿಪೇರಿಗೆ ಬಂದಿದೆ ಅನ್ನಿ. ಹಾಗೇ ನಮ್ಮನೆಗೂ ಒಂದು ಆಂಟೆನಾ."

ಮೊಮ್ಮಗಳಿಗೆ ಹೇಳ್ದೆ, "ಬರ್ಕೋ. ಟಿವಿ ಮಾರೋನು ದುಡ್ಡಿರೋರನ್ನ ಹುಡುಕ್ಕೊಂಡು ಹೋಗ್ಬೇಕು. ನಾನು ಇಲ್ಲದೋರನ್ನ ನಂಬ್ಕೊಂಡೆ. ನಮ್ಮ ದೇಶದಲ್ಲಿ ಆ ಸ್ಟಾಕು ಖಾಲಿ ಆಗಲ್ಲ."

ಎರಡನೇದು: ಪಕ್ಕದ ಮನೆಯೇ ಜಾಹೀರಾತು

ಇಟ್ಟಮಡು ಅವಾಗ ಇನ್ನೂ ಹಳ್ಳಿ. ಅಲ್ಲಿ ಇಬ್ಬರು ಅಣ್ಣತಮ್ಮಂದಿರು, ಹಿಸ್ಸೆ ಆಗಿ ಎದುರುಬದುರು ಮನೇಲಿ ಇದ್ರು, ಮಾತಿಲ್ಲ ಕತೆಯಿಲ್ಲ. ಜಮೀನು ಲೇಔಟಿಗೆ ಹೋಗಿತ್ತು, ಕೈಲಿ ದುಡ್ಡು ಓಡಾಡ್ತಿತ್ತು. ಅಣ್ಣ ಕರೆದು ಆಂಟೆನಾ ಹಾಕಿಸ್ಕೊಂಡ. ಹೆಂಚಿನ ಮನೆ, ಅದಕ್ಕೆ ದನದ ಕೊಟ್ಟಿಗೆ ಪಕ್ಕ ಕಂಬ ನೆಟ್ಟೆ. ಮಾರನೇ ದಿನ ತಮ್ಮ ಬಂದ.

"ಅವನದು ಎಷ್ಟು ಉದ್ದ?"

"ಇಪ್ಪತ್ತಡಿ ಗೌಡ್ರೇ."

"ನಂಗೆ ಇಪ್ಪತ್ತೈದು ಹಾಕು."

ಒಂದು ವಾರಕ್ಕೆ ಅಣ್ಣ ಮೂವತ್ತು ಅಂದ. ತಮ್ಮ ನಲವತ್ತು ಅಂದ. ಪೈಪಿಗೆ ಪೈಪು ಜೋಡಿಸಿ ಜೋಡಿಸಿ ನನ್ನ ಕೈಯೆಲ್ಲಾ ಬೊಬ್ಬೆ. ಕೊನೆಗೆ ಎಷ್ಟು ಎತ್ತರ ಹೋಯ್ತು ಅಂದ್ರೆ, ಮೇಲೆ ಹದ್ದು ಗೂಡು ಕಟ್ಟಿತ್ತು, ಅದರ ಮರಿಗಳಿಗೆ ಕೆಳಗೆ ನೋಡಿದ್ರೆ ತಲೆ ಸುತ್ತೋದು. ಒಂದು ದಿನ ವಿಮಾನ ಬಂದಿದ್ದು ಸ್ವಲ್ಪ ಓರೆ ಮಾಡ್ಕೊಂಡು ಹೋಯ್ತು.

ಮೊಮ್ಮಗಳು ಬರೆಯೋದು ನಿಲ್ಲಿಸಿ ಪೆನ್ ಎತ್ತಿದ್ಲು.

"ಸರಿ, ವಿಮಾನ ಹೊಡೆದುಹಾಕು. ಹದ್ದು ಇರ್ಲಿ."

ಆಮೇಲೆ ಟಿವಿ ತಗೋಬೇಕಲ್ಲ? ಕಂಬಕ್ಕೇ ಎಲ್ಲಾ ಸುರಿದಿದ್ರು. ಕೊನೆಗೆ ಅವರ ತಾಯಿ ಇಬ್ಬರನ್ನೂ ಕೂರಿಸಿ, ಇಬ್ಬರೂ ಸೇರಿ ಒಂದು ಟಿವಿ ತಗೊಳ್ರೋ ಅಂದ್ರು. ತಗೊಂಡ್ರು. ತಾಯಿ ಮನೆ ಜಗಲೀಲಿ ಇಟ್ರು. ಊರೇ ನೆರೆದಿತ್ತು. ಅವಾಗ ಶುರು ಆಯ್ತು, ಯಾರ ಆಂಟೆನಾ ವೈರು ಸಿಕ್ಕಿಸೋದು ಅಂತ. ಪಂಚಾಯ್ತಿ ಆಯ್ತು. ಸೋಮವಾರ ಬುಧವಾರ ಶುಕ್ರವಾರ ಅಣ್ಣಂದು, ಮಂಗಳವಾರ ಗುರುವಾರ ಶನಿವಾರ ತಮ್ಮಂದು. ಭಾನುವಾರಕ್ಕೆ ತೀರ್ಮಾನ ಆಗ್ಲಿಲ್ಲ.

ಒಂದು ವಾರ ಬಿಟ್ಟು ತಾಯಿನೇ ನನ್ನ ಅಂಗಡಿಗೆ ಬಂದ್ರು. "ನಂಗೊಂದು ಸಣ್ಣದು ಹಾಕ್ಕೊಡಪ್ಪಾ, ಭಾನುವಾರಕ್ಕೆ."

ಮೂರನೇದು: ಗಿರಾಕಿಗೆ ವಿವರಿಸೋಕೆ ಹೋಗ್ಬಾರ್ದು

ಅಷ್ಟರಲ್ಲಿ ಕಲರ್ ಟಿವಿ ಅಂತ ಗಾಳಿ ಸುದ್ದಿ ಬಂತು. ಎಲ್ಲರದೂ ಒಂದೇ ಪ್ರಶ್ನೆ, "ಇದು ಕಲರ್ ಆಂಟೆನಾನಾ?" ಮೊದಮೊದಲು ಆಂಟೆನಾಗೆ ಕಲರ್ ಅಂತ ಇರಲ್ಲಮ್ಮಾ ಅಂತಿದ್ದೆ. ಹಾಗೆ ಅಂದಾಗೆಲ್ಲಾ ಗಿರಾಕಿ ಮಡಿವಾಳದಲ್ಲಿದ್ದ ಇನ್ನೊಂದು ಅಂಗಡಿಗೆ ಹೋಗೋರು. ಶ್ರಾವಣಕ್ಕೆ ಒಂದು ತಿಂಗಳು ಉಳಿದಿತ್ತು. ನಾನು ಮೂರು ಡಬ್ಬ ಪೇಂಟ್ ತಂದು ಒಂದೊಂದು ಕಡ್ಡಿಗೂ ಒಂದೊಂದು ಬಣ್ಣ ಬಳಿದು ಅಂಗಡಿ ಮುಂದೆ ನೇತುಹಾಕ್ದೆ. ಕೆಂಪು, ಹಸಿರು, ನೀಲಿ.

ಜಯನಗರದಿಂದ ಒಬ್ಬ ರಿಟೈರ್ಡ್ ಇಂಜಿನಿಯರ್ ಬಂದ್ರು. ಕೈಯಲ್ಲಿ ಕೊಡೆ, ಮುಖದಲ್ಲಿ ಕೋಪ.

"ಏನ್ರೀ ಇದು ಮೋಸ? ಅಲ್ಯೂಮಿನಿಯಂ ಕಡ್ಡಿಗೆ ಬಣ್ಣ ಬಳಿದ್ರೆ ಚಿತ್ರಕ್ಕೆ ಬಣ್ಣ ಬರುತ್ತಾ?"

"ಬರಲ್ಲ ಸಾರ್."

"ಮತ್ತೆ ಯಾಕೆ ಮಾರ್ತೀರಿ?"

"ನಾನು ಬರುತ್ತೆ ಅಂತ ಎಲ್ಲೂ ಹೇಳಿಲ್ಲ ಸಾರ್. ಅವರು ಕಲರ್ ಕೇಳಿದ್ರು, ಕಲರ್ ಕೊಟ್ಟೆ."

ಅವರು ಅರ್ಧ ಗಂಟೆ ನಿಂತು ಅಲೆ ಅಂದ್ರೇನು, ಸಿಗ್ನಲ್ ಅಂದ್ರೇನು ಅಂತ ನನಗೂ ಮಿಲ್‌ಗೆ ಬಂದಿದ್ದ ಹೆಂಗಸರಿಗೂ ಪಾಠ ಮಾಡಿದ್ರು. ಎಲ್ಲಾ ಮುಗಿದ್ಮೇಲೆ ಕೊಡೆ ಮಡಚಿ ಸ್ಟೂಲ್ ಮೇಲೆ ಕೂತ್ರು.

"ನಂಗೂ ಒಂದು ಹಾಕಿ. ನೀಲಿ ಸ್ವಲ್ಪ ಜಾಸ್ತಿ ಇರ್ಲಿ. ಇದನ್ನೆಲ್ಲಾ ಮನೇಲಿ ಇನ್ನೊಂದು ಸಲ ವಿವರಿಸೋ ಶಕ್ತಿ ನಂಗಿಲ್ಲ."

ಕೊನೇದು: ತಾರಸಿ ಮೇಲೆ ಮಾವ

ಆಷಾಢದ ಗಾಳಿ ಗೊತ್ತಲ್ಲ? ಆಷಾಢದ ಕೊನೇ ಶನಿವಾರ ಸಾಯಂಕಾಲ ಬೀಸಿತು ನೋಡಿ, ನಾನು ಹಾಕಿದ್ದ ಅಷ್ಟೂ ಆಂಟೆನಾ ಅಂಗಾತ ಮಲಗಿಬಿಟ್ವು. ಕ್ಲಾಂಪುಗಳು ಅಗ್ಗದವು, ಅದು ನನ್ನ ತಪ್ಪು. ಮಾರನೇ ದಿನ ಹತ್ತು ಗಂಟೆಗೆ ಮಾವ ತಾರಸಿ ಹತ್ತುತ್ತಾರೆ. ಹತ್ತಿದ್ರೆ ಕಾಣೋದು ಬರೀ ನೀರಿನ ಟ್ಯಾಂಕು, ಒಣಗಾಕಿರೋ ಸೀರೆ. ಹುಡುಗಿ ಬ್ಯಾಂಕಿಗೆ ಹೋದಂಗೇ.

ಬೆಳಗಾಗ್ತಿದ್ದ ಹಾಗೇ ಸೈಕಲ್ ಹತ್ತಿದೆ. ಮನೆಮನೆಗೆ ಹೋಗಿ ಕೈ ಮುಗಿದೆ. "ಹತ್ತು ಗಂಟೆಗೆ ಹತ್ತೇ ನಿಮಿಷ, ಆಂಟೆನಾ ಎತ್ತಿ ಹಿಡ್ಕೊಂಡು ತಾರಸಿ ಮೇಲೆ ನಿಂತ್ಕೊಳಿ. ನನ್ನ ಮದುವೆ ಅದರಲ್ಲಿದೆ."

ಆಂಟಿ "ಮದುವೆ ವಿಷಯಕ್ಕೆ ಇಲ್ಲ ಅಂತೀನೇನಪ್ಪಾ" ಅಂದ್ರು. ಇಂಜಿನಿಯರ್ ಅವರ ಆಂಟೆನಾ ಜಯನಗರದಲ್ಲಿ ಹಿಡಿದ್ರೆ ಮಾವನಿಗೆ ಕಾಣಲ್ಲ ಅಂದಿದ್ದಕ್ಕೆ ಅವರು ಆಟೋದಲ್ಲಿ ಹಾಕ್ಕೊಂಡು ಬಂದು ಯಾರದೋ ತಾರಸಿ ಹತ್ತಿ, "ಎಷ್ಟು ಡಿಗ್ರಿ ಹಿಡೀಲಿ?" ಅಂತ ಕೇಳಿದ್ರು. ಇಟ್ಟಮಡು ಅಣ್ಣತಮ್ಮಂದಿರಿಗೆ ನಾನು ಹೇಳೋದೇ ಬೇಕಾಗಿರ್ಲಿಲ್ಲ. ಅಣ್ಣ ಎತ್ತಿ ಹಿಡಿದಿದ್ದು ನೋಡಿ ತಮ್ಮ ಏಣಿ ತರಿಸಿದ.

ಹತ್ತು ಗಂಟೆ ಆಯ್ತು. ಮಾವ ಕಾಫಿ ಲೋಟ ಹಿಡ್ಕೊಂಡು ತಾರಸಿಗೆ ಬಂದ್ರು, ನಾನು ಹಿಂದೆ. ಕಣ್ಣು ಹಾಯಿಸಿದ ಕಡೆಯೆಲ್ಲಾ ಜನ. ಪಂಚೆಯೋರು, ನೈಟಿಯೋರು, ಬನೀನಿನೋರು, ಒಬ್ಬೊಬ್ಬರೂ ಒಂದೊಂದು ಆಂಟೆನಾ ಆಕಾಶಕ್ಕೆ ಎತ್ತಿ ಹಿಡಿದು ಅಲ್ಲಾಡದೆ ನಿಂತಿದ್ದಾರೆ. ಸಾವಿರ ಜನ. ಎರಡು ಸಾವಿರ ಅಂತ ಬೇಕಾದ್ರೂ ಬರ್ಕೋ.

ಮಾವ ನಿಂತಲ್ಲೇ ಒಂದು ಸುತ್ತು ತಿರುಗಿ ನೋಡಿದ್ರು. ಆಮೇಲೆ, "ಯಾಕಯ್ಯಾ ಎಲ್ಲರೂ ಕೈಯಲ್ಲಿ ಹಿಡ್ಕೊಂಡು ನಿಂತಿದ್ದಾರೆ?"

"ಡಿಮ್ಯಾಂಡ್ ಅಷ್ಟಿದೆ ಸಾರ್. ಕೈ ಬಿಟ್ರೆ ಪಕ್ಕದ ಮನೆಯೋರು ಎತ್ಕೊಂಡು ಹೋಗ್ತಾರೆ."

ಅವರು ಹಿಂದಿನ ರಸ್ತೆ ಕಡೆ ತಿರುಗಿ ಕನ್ನಡಕ ಸರಿ ಮಾಡ್ಕೊಂಡ್ರು. "ಅಲ್ಲಿ ಲುಂಗೀಲಿ ನಿಂತಿರೋನು... ಬ್ಯಾಂಕ್ ಹುಡುಗ ಅಲ್ವೇನೋ?"

"ಹೌದು ಸಾರ್. ಮೊನ್ನೆ ತಾನೇ ಹಾಕಿಸಿದ್ರು. ಕೆಂಪು, ಹಸಿರು, ನೀಲಿ."

ಮಾವ ಉಳಿದ ಕಾಫಿ ಒಂದೇ ಗುಟುಕಿಗೆ ಮುಗಿಸಿದ್ರು. "ನಮ್ಮನೆಗೆ ಯಾವಾಗ ಹಾಕ್ತೀಯಾ?"

"ಟಿವಿ ತಗೊಂಡಿದ್ದೀರಾ ಸಾರ್?"

"ಟಿವಿ ಆಮೇಲೆ ನೋಡೋಣ. ಮೊದಲು ಮದುವೆ ಮುಗೀಲಿ."

ಅದೇ ಶ್ರಾವಣದಲ್ಲಿ ಮದುವೆ. ಚಪ್ಪರದ ನಾಲ್ಕು ಕಂಬಕ್ಕೂ ನಾಲ್ಕು ಆಂಟೆನಾ ಕಟ್ಟಿದ್ವಿ. ನಿಮ್ಮಜ್ಜಿ ಧಾರೆ ಸೀರೇಲಿ...

ಮೊಮ್ಮಗಳು ಪೆನ್ ಕೆಳಗಿಟ್ಟಿದ್ಲು. ಬೆರಳು ಮಡಚಿ ಏನೋ ಲೆಕ್ಕ ಹಾಕ್ತಿದ್ಲು.

"ತಾತ, ಒಂದ್ನಿಮಿಷ. ಬೆಂಗಳೂರಿಗೆ ಟಿವಿ ಬಂದಾಗ ಅಮ್ಮ ಮೂರನೇ ಕ್ಲಾಸು. ಸ್ಕೂಲಿಂದ ಬಂದು ನಿನ್ನ ತೊಡೆ ಮೇಲೆ ಕೂತು ನೋಡ್ತಿದ್ಲಂತೆ."

"ಹೂಂ."

"ಹಾಗಾದ್ರೆ ನಿನ್ನ ಮದುವೆ ನಿಶ್ಚಯ ಮಾಡೋಕೆ ಅವತ್ತು ತಾರಸಿ ಮೇಲೆ ಅಮ್ಮಾನೂ ಒಂದು ಆಂಟೆನಾ ಹಿಡ್ಕೊಂಡು ನಿಂತಿದ್ಲಾ?"

ನಾನು ಚಪ್ಪಲಿ ಹುಡುಕೋಕೆ ಶುರು ಮಾಡ್ದೆ.